ಸೀ, ಲುಕ್, ವಾಚ್: ಮೂರಕ್ಕೂ 'ನೋಡು' ಅಂದ್ರೆ ಸಾಕಾ?

ಪ್ರಶ್ನೆ: ಟೀವಿ ನೋಡೋದು ವಾಚ್, ಕೈಗೆ ಕಟ್ಟೋದು ವಾಚ್, ಗೇಟಲ್ಲಿ ಕೂರೋನು ವಾಚ್‌ಮನ್. ಒಂದೇ ಪದ ಇಷ್ಟು ಕಡೆ ಹೇಗೆ ಬಂತು? ಸೀ, ಲುಕ್ ಬದಲು ಇದನ್ನ ಯಾವಾಗ ಹಾಕ್ಬೇಕು?

ಉತ್ತರ: ವಾಚ್‌ಮನ್ನಿಂದಾನೇ ಶುರು ಮಾಡೋಣ, ಈ ಪದದ ಹಳೇ ಅರ್ಥ ಉಳ್ಕೊಂಡಿರೋದು ಅವನ ಹತ್ರಾನೇ. ಹಳೇ ಇಂಗ್ಲಿಷಲ್ಲಿ ಇದಕ್ಕೆ ಎಚ್ಚರವಾಗಿರೋದು ಅಂತ ಅರ್ಥ, ವೇಕ್ ಅನ್ನೋದೂ ಇದೂ ಒಂದೇ ಬೇರಿನವು, ಕಣ್ಣಿನ ಕೆಲಸ ಆಮೇಲೆ ಸೇರ್ಕೊಂಡಿದ್ದು. ನನ್ನ ಕೇಳಿದ್ರೆ ಇದಕ್ಕೆ ಹತ್ರದ ಕನ್ನಡ 'ನೋಡು' ಅಲ್ಲ, 'ಕಾಯು'. ಬಾಗಿಲು ಕಾಯ್ತೀವಿ, ಬರೋರ ದಾರಿ ಕಾಯ್ತೀವಿ, ಎರಡರಲ್ಲೂ ನಿದ್ದೆ ಮಾಡೋ ಹಾಗಿಲ್ಲ ನೋಡಿ.

ಗಡಿಯಾರದ ಕಥೆಯೂ ಅದೇ. ಮೊದಲು ಮಲಗಿದ್ದೋರನ್ನ ಎಬ್ಬಿಸೋ ಅಲಾರಂ ಗಡಿಯಾರಕ್ಕೆ ಈ ಹೆಸರಿತ್ತು, 16ನೇ ಶತಮಾನದ ಕೊನೆ ಹೊತ್ತಿಗೆ ಜೊತೇಲಿ ಒಯ್ಯೋ ಸಣ್ಣ ಗಡಿಯಾರಕ್ಕೂ ಬಂತು.

ಹಡಗಲ್ಲಂತೂ ಡ್ಯೂಟಿ ಪಾಳಿಗೇ ವಾಚ್ ಅಂತಾರೆ. ಹಳೇ ಪದ್ಧತೀಲಿ ಒಂದು ಪಾಳಿ 4 ಗಂಟೆ, ಅರ್ಧ ಗಂಟೆಗೊಂದ್ಸಲ ಬೆಲ್, 8 ಬೆಲ್ ಆದ್ರೆ ಪಾಳಿ ಮುಗೀತು. ಆದ್ರೆ ದಿನಕ್ಕೆ 6 ಪಾಳಿ ಆದ್ರೆ ಸರದಿ ಮೇಲೆ ದುಡಿಯೋ ಎರಡು ತಂಡದಲ್ಲಿ ಒಂದೇ ತಂಡಕ್ಕೆ ದಿನಾ ನಡುರಾತ್ರಿ ಡ್ಯೂಟಿ ಬೀಳುತ್ತಲ್ಲ, ಅದಕ್ಕೇ ಸಂಜೆ 4ರಿಂದ 8ರ ಪಾಳೀನ ಎರಡು ತುಂಡು ಮಾಡಿ 7 ಮಾಡ್ಕೊಂಡ್ರು. ಆ ತುಂಡುಗಳಿಗೆ ಡಾಗ್ ವಾಚ್ ಅಂತ ಹೆಸರು. ಸಖತ್ ತಲೆ ಅಲ್ವಾ?

ಇನ್ನು ಬಳಕೆ. ತಾನಾಗೇ ಕಣ್ಣಿಗೆ ಬಿದ್ರೆ ಸೀ, ಬೇಕಂತಲೇ ಕಣ್ಣು ತಿರುಗಿಸಿದ್ರೆ ಲುಕ್, ಮುಂದೇನಾಗುತ್ತೋ ಅಂತ ನೋಡ್ತಾನೇ ಇದ್ರೆ ವಾಚ್. ಫೋಟೋಗೆ ಲುಕ್ ಅಟ್, ಮ್ಯಾಚಿಗೆ ವಾಚ್, ಯಾಕಂದ್ರೆ ಫೋಟೋದಲ್ಲಿ ಮುಂದೆ ಏನೂ ಆಗಲ್ಲ. ಸಿನಿಮಾಗೆ ಸೀ, ವಾಚ್ ಎರಡೂ ನಡಿಯುತ್ತೆ, ಥಿಯೇಟರಿಗೆ ಹೋಗಿ ನೋಡಿದ್ರೆ ಸೀ ಅನ್ನೋದು ಜಾಸ್ತಿ, ಮನೇಲಿ ಕೂತು ನೋಡಿದ್ರೆ ವಾಚ್.

ವಾಚ್ ದ ಬೇಬಿ ಅಂದ್ರೆ ಮಗೂನ ನೋಡ್ಕೋ ಅಂತ, ಸುಮ್ನೆ ದಿಟ್ಟಿಸ್ತಾ ಕೂರೋದಲ್ಲ. ವಾಚ್ ಯುವರ್ ಸ್ಟೆಪ್, ನೋಡ್ಕೊಂಡು ಹೆಜ್ಜೆ ಇಡು. ನಿನ್ನ ಕೈಲಾಗಲ್ಲ ಅಂದೋರಿಗೆ ವಾಚ್ ಮಿ ಅಂದ್ರೆ, ಮಾಡಿ ತೋರಿಸ್ತೀನಿ ನೋಡ್ತಿರು ಅಂತ ಸವಾಲು.

ಒಂದು ಕಡೆ ಮಾತ್ರ ತಪ್ಪು ತಿಳ್ಕೊಂಡ್ರೆ ಜೀವಕ್ಕೇ ಅಪಾಯ. ಅಮೆರಿಕದ ಹವಾಮಾನ ಇಲಾಖೆ ಟೊರ್ನ್ಯಾಡೊ ವಾಚ್ ಅಂದ್ರೆ ಸುಂಟರಗಾಳಿ ಏಳೋಕೆ ತಕ್ಕ ವಾತಾವರಣ ಇದೆ, ಹುಷಾರಾಗಿ ಗಮನಿಸ್ತಿರಿ ಅಂತ. ವಾರ್ನಿಂಗ್ ಅಂದ್ರೆ ಕಣ್ಣಿಗೇ ಕಂಡಿದೆ ಇಲ್ಲಾ ರಾಡಾರಲ್ಲಿ ಸುಳಿವು ಸಿಕ್ಕಿದೆ, ತಕ್ಷಣ ಸುರಕ್ಷಿತ ಜಾಗಕ್ಕೆ ಓಡಿ ಅಂತ.

ಪ್ರಶ್ನೆ: ಐ ವಾಚ್ಡ್ ಹಿಮ್ ಕ್ರಾಸ್ ದ ರೋಡ್, ಇಲ್ಲಾ ಕ್ರಾಸಿಂಗ್ ದ ರೋಡ್? ಯಾವುದು ಸರಿ?

ಉತ್ತರ: ಎರಡೂ ಸರಿ. ಕ್ರಾಸ್ ಅಂದ್ರೆ ಈ ಕಡೆಯಿಂದ ಆ ಕಡೆ ಮುಟ್ಟೋ ತನಕ ಪೂರ್ತಿ ನೋಡಿದ್ರಿ. ಕ್ರಾಸಿಂಗ್ ಅಂದ್ರೆ ದಾಟ್ತಾ ಇದ್ದಾಗ ನೋಡಿದ್ರಿ, ಆ ಕಡೆ ಮುಟ್ಟಿದ್ನೋ ಇಲ್ವೋ ಅನ್ನೋದನ್ನ ಆ ವಾಕ್ಯ ಹೇಳಲ್ಲ. ಟು ಕ್ರಾಸ್ ಅಂತ ಮಾತ್ರ ಹಾಕ್ಬೇಡಿ.