ಹಿಂದೆ ಗಾಂಜಾ ಸೇದಿದ್ದರೆ ಅಮೆರಿಕದಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ ಸಿಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಕಾರ್ಡ್ ಮೇಲಿದ್ದಾಗ ಫ್ರೆಂಡ್ಸ್ ಜೊತೆ ನಾಲ್ಕೈದು ಸಲ ಗಾಂಜಾ ಸೇದಿದ್ದೀರಿ. ಕೊನೆಯ ಸಲ ಸೇದಿ ನಾಲ್ಕು ವರ್ಷ ಆಯ್ತು. ಈಗ ಅಮೆರಿಕದ ಸಿಟಿಜನ್. ವರ್ಜೀನಿಯಾದ ಡಿಫೆನ್ಸ್ ಕಂಪನಿಯೊಂದು ಆಫರ್ ಕೊಟ್ಟಿದೆ, ಸೀಕ್ರೆಟ್ ಕ್ಲಿಯರೆನ್ಸ್ (ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ತನಿಖೆ ಮಾಡಿ ಕೊಡುವ ಅನುಮತಿ) ಬೇಕು. ಫಾರ್ಮಿನಲ್ಲಿ 'ಇಲ್ಲ' ಅಂತ ಹಾಕಿಬಿಡಲಾ?

ಹಾಕಬೇಡಿ. ನಾನೂ ವರ್ಜೀನಿಯಾದಲ್ಲಿ ಕ್ಲಿಯರೆನ್ಸ್ ಬೇಕಾಗುವ ಕೆಲಸದಲ್ಲೇ ಇದ್ದೇನೆ. ಕಾಲೇಜಿನಲ್ಲಿ ಸೇದಿದ್ದನ್ನು ಇದ್ದ ಹಾಗೆ ಬರೆದು ಕ್ಲಿಯರೆನ್ಸ್ ಪಡೆದವರು ನನ್ನ ಜೊತೆಗೇ ಕೆಲಸ ಮಾಡುತ್ತಾರೆ. ನಿಮ್ಮ ಕೇಸಿನಲ್ಲಿ ಆ ನಾಲ್ಕೈದು ಸಲ ದೊಡ್ಡ ವಿಷಯವಲ್ಲ. ಮುಚ್ಚಿಟ್ಟರೆ ಮಾತ್ರ ದೊಡ್ಡದಾಗುತ್ತದೆ.

ಫಾರ್ಮಿನ ಹೆಸರು ಎಸ್‌ಎಫ್-86. ಅದರ 23ನೇ ಸೆಕ್ಷನ್ ಡ್ರಗ್ಸ್ ಬಗ್ಗೆ. ಕಳೆದ 7 ವರ್ಷದಲ್ಲಿ ಬಳಸಿದ್ದೀರಾ ಅಂತ ಕೇಳುತ್ತದೆ. ಹೌದು ಅಂದರೆ ಇನ್ನಷ್ಟು ಖಾನೆಗಳು ತೆರೆದುಕೊಳ್ಳುತ್ತವೆ. ಯಾವ ಡ್ರಗ್, ಮೊದಲು ಬಳಸಿದ್ದು ಯಾವ ತಿಂಗಳು ಯಾವ ವರ್ಷ, ಕೊನೆಗೆ ಯಾವಾಗ, ಎಷ್ಟು ಸಲ, ಇನ್ಮುಂದೆ ಬಳಸುವ ಯೋಚನೆ ಇದೆಯಾ, ಯಾಕೆ ಇದೆ ಅಥವಾ ಯಾಕೆ ಇಲ್ಲ. ಈ ಕೊನೆಯ ಖಾನೆಯಲ್ಲಿ ಎಡವುವವರೇ ಜಾಸ್ತಿ. 'ಸದ್ಯಕ್ಕಿಲ್ಲ', 'ಕೆಲಸ ಇರೋವರೆಗೂ ಇಲ್ಲ' ಅಂತೆಲ್ಲ ಬರೆಯಬೇಡಿ. ಬಳಸುವುದಿಲ್ಲ ಅನ್ನುವುದು ನಿಜವಾಗಿದ್ದರೆ ಅಷ್ಟನ್ನೇ ನೇರವಾಗಿ ಬರೆಯಿರಿ. ಇನ್ನು, 'ಕ್ಯಾಲಿಫೋರ್ನಿಯಾದಲ್ಲಿ ಲೀಗಲ್ ಇತ್ತಲ್ಲ' ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಉತ್ತರ ಫೆಡರಲ್ ಕಾನೂನಿನ ಪ್ರಕಾರ ಇರಬೇಕು, ರಾಜ್ಯದ ಕಾನೂನು ಏನೇ ಹೇಳಲಿ ಅಂತ ಫಾರ್ಮಿನಲ್ಲೇ ಬರೆದಿದೆ.

ತೀರ್ಮಾನ ಮಾಡುವವರ ಕೈಯಲ್ಲಿ 2017ರಿಂದ ಜಾರಿಯಲ್ಲಿರುವ 13 ಮಾನದಂಡಗಳಿವೆ. ಗೈಡ್‌ಲೈನ್ 'ಎಚ್' ಡ್ರಗ್ಸ್‌ಗೆ, ಗೈಡ್‌ಲೈನ್ 'ಇ' ನಡತೆಗೆ. ಎಚ್‌ನಲ್ಲಿ ನಿಮ್ಮ ಪರವಾಗಿ ಹೇಳಿಕೊಳ್ಳಲು ಬೇಕಾದಷ್ಟಿದೆ: ಬಿಟ್ಟು ತುಂಬ ದಿನ ಆಗಿದೆ, ಬಳಸಿದ್ದೂ ಅಪರೂಪಕ್ಕೆ, ಆ ಗುಂಪಿನ ಸಹವಾಸ ಈಗಿಲ್ಲ, ಮತ್ತೆ ಬಳಸಿದರೆ ಕ್ಲಿಯರೆನ್ಸ್ ಕಿತ್ತುಕೊಳ್ಳಬಹುದು ಅಂತ ಸಹಿ ಹಾಕಿಕೊಡಲೂ ತಯಾರು. 2021ರ ಡಿಸೆಂಬರ್‌ನಲ್ಲಿ ಆಗಿನ ಗುಪ್ತಚರ ನಿರ್ದೇಶಕಿ ಅವ್ರಿಲ್ ಹೇನ್ಸ್ ಕೂಡ ಸೂಚನೆ ಹೊರಡಿಸಿದರು: ಹಿಂದೆ ಮೋಜಿಗೆ ಗಾಂಜಾ ಸೇದಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಆದರೆ ಅದೊಂದರಿಂದಲೇ ತೀರ್ಮಾನ ಆಗಬಾರದು. ಈಗಲೂ ಬಳಸುತ್ತಿರುವವರಿಗೆ ಮಾತ್ರ ಕೊಡಲೇಬಾರದು ಅಂತ ಕಾನೂನೇ ಇದೆ.

ಸುಳ್ಳು ಹೇಳಿದರೆ ಮಾತ್ರ ನೀವು 'ಇ' ಕೆಳಗೆ ಬರುತ್ತೀರಿ. ಅಲ್ಲಿಂದ ಹೊರಬರುವುದು ಕಷ್ಟ. ಫೆಡರಲ್ ಫಾರ್ಮಿನಲ್ಲಿ ಬೇಕಂತಲೇ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲು ಕೂಡ ಆಗಬಹುದು. ಪರಿಚಯದ ಯಾರಾದರೂ ಅಂಕಲ್ 'ಯಾರಿಗ್ ಗೊತ್ತಾಗುತ್ತೆ ಬಿಡಪ್ಪಾ' ಅನ್ನಬಹುದು. ಗೊತ್ತಾಗುತ್ತೆ. ತನಿಖೆಯವರು ಹಳೆಯ ರೂಮ್‌ಮೇಟ್, ಅಕ್ಕಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡಿದವರು, ಯಾರನ್ನು ಬೇಕಾದರೂ ಮಾತಾಡಿಸಬಹುದು. ನಿಮ್ಮ ಜೊತೆ ಸೇದಿದ ಫ್ರೆಂಡ್ ನಾಳೆ ತನ್ನ ತಲೆ ಉಳಿಸಿಕೊಳ್ಳಲು ನಿಜ ಹೇಳಿದರೆ ತಪ್ಪೇನು?

ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಇರುವುದು ಬೇರೆ ಕಡೆ. ಸಿಟಿಜನ್‌ಶಿಪ್‌ಗೆ ಹಾಕಿದ ಎನ್-400 ಅರ್ಜಿ. ಅರೆಸ್ಟ್ ಆಗದಿದ್ದರೂ ಅಪರಾಧ ಮಾಡಿದ್ದೀರಾ ಅಂತ ಅಲ್ಲೊಂದು ಪ್ರಶ್ನೆ ಇದೆ. ರಾಜ್ಯದಲ್ಲಿ ಲೀಗಲ್ ಇದ್ದರೂ ಗಾಂಜಾ ಬಳಕೆ ಸಿಟಿಜನ್‌ಶಿಪ್‌ಗೆ ಅಡ್ಡಿಯಾಗಬಹುದು ಅಂತ ಇಮಿಗ್ರೇಶನ್ ಇಲಾಖೆ 2019ರಲ್ಲೇ ಹೇಳಿತ್ತು. ನೀವು ಅಲ್ಲಿ 'ಇಲ್ಲ' ಅಂದು, ಇಲ್ಲಿ 'ಹೌದು' ಅಂದರೆ ಎರಡು ಕಾಗದ ಒಂದಕ್ಕೊಂದು ತಾಳೆಯಾಗುವುದಿಲ್ಲ. 23ನೇ ಸೆಕ್ಷನ್‌ನಲ್ಲಿ ನಿಜ ಬರೆದರೆ ಅದನ್ನು ಕ್ರಿಮಿನಲ್ ಕೇಸಿನಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವುದಿಲ್ಲ ಅಂತ ಭರವಸೆ ಇದೆ, ನಿಜ. ಆದರೆ ಸಿಟಿಜನ್‌ಶಿಪ್ ರದ್ದು ಮಾಡುವ ಕೇಸು ಸಿವಿಲ್ ಕೋರ್ಟಿನಲ್ಲೂ ನಡೆಯುತ್ತದೆ. ಹಾಗಾಗಿ ಹಳೆಯ ಎನ್-400 ಪ್ರತಿ ಹುಡುಕಿ, ಎಸ್‌ಎಫ್-86ಗೆ ಸಹಿ ಹಾಕುವ ಮೊದಲೇ ಇಮಿಗ್ರೇಶನ್ ಲಾಯರ್‌ಗೆ ತೋರಿಸಿ. ಕಂಪನಿಯ ಎಚ್‌ಆರ್ ಹತ್ತಿರ ಕೇಳುವ ವಿಷಯವಲ್ಲ ಇದು.

ಇನ್ನು ಚಿಲ್ಲರೆ ವಿಷಯ. ಪರೀಕ್ಷೆ ಹಿಂದಿನ ರಾತ್ರಿ ಫ್ರೆಂಡ್‌ಗೆ ಡಾಕ್ಟರ್ ಬರೆದುಕೊಟ್ಟ ಆಡರಾಲ್ (ಏಕಾಗ್ರತೆಗೆ ಕೊಡುವ ಮಾತ್ರೆ) ನೀವು ನುಂಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಊರಿಗೆ ಹೋದಾಗ ಕುಡಿದ ಭಂಗಿ? ಭಾರತದ ಮಾದಕ ವಸ್ತು ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬರೀ ಎಲೆ ಗಾಂಜಾ ಅನಿಸಿಕೊಳ್ಳುವುದಿಲ್ಲ, ಅಮೆರಿಕದ ಫೆಡರಲ್ ಕಾನೂನಿನಲ್ಲಿ ಎಲೆಯೂ ಗಾಂಜಾನೇ. ನಾನಾಗಿದ್ದರೆ ಅದನ್ನೂ ಬರೆದು, ಎಲ್ಲಿ ಯಾವ ಹಬ್ಬಕ್ಕೆ ಅಂತ ಟಿಪ್ಪಣಿ ಹಾಕುತ್ತಿದ್ದೆ. ಸಿಬಿಡಿ (ಗಾಂಜಾ ಜಾತಿಯ ಗಿಡದಿಂದ ತೆಗೆಯುವ ಅಂಶ) ಇರುವ ಎಣ್ಣೆ, ಗಮ್ಮಿ ಇದ್ದರೆ ಇವತ್ತೇ ಬಿಸಾಕಿ, ಡ್ರಗ್ ಟೆಸ್ಟ್‌ನಲ್ಲಿ ಸಿಕ್ಕಿಬೀಳಬಹುದು. ಗಾಂಜಾ ಕಂಪನಿಯ ಶೇರು ನೀವೇ ಆರಿಸಿ ಕೊಂಡಿದ್ದರೆ ಅದನ್ನೂ ಮಾರಿಬಿಡಿ. ತಮಾಷೆ ಅಲ್ಲ, ಹೇನ್ಸ್ ಸೂಚನೆಯಲ್ಲಿ ಅದರ ಮಾತೂ ಇದೆ.