ಆಕಿ ಕ್ಷಮಾ ಕೇಳ್ಯಾಳೇನೋ ತಮ್ಮಾ?

ತಮ್ಮಾ, ನೀ ಕಳ್ಸಿದ ಕಥಿ ಎರಡು ಸಲ ಓದಿದೆ. ನಮ್ಮ ಪತ್ರಿಕಿಯ ಈ ಸಂಚಿಕಿಗೆ ತೊಗೊಳಾಕ ಆಗಂಗಿಲ್ಲ, ಅದನ್ನ ಮೊದ್ಲ ಹೇಳಿಬಿಡ್ತೀನಿ, ಬೈದ್ರ ಬೈಕೋ.

ಕೊಪ್ಪಳ ಬಸ್ ಸ್ಟ್ಯಾಂಡ್ ಕಡೆ ದಂಧೆ ಮಾಡೋ ಹುಡುಗಿ, ಬೆಂಗಳೂರಿಂದ ರಜಾಕ್ಕ ಬಂದ ಸಾಫ್ಟ್‌ವೇರ್ ಹುಡುಗ, ಇಬ್ರಿಗೂ ಲವ್ವು, ಮುನಿರಾಬಾದ್‌ನ ತುಂಗಭದ್ರಾ ಡ್ಯಾಮಿನ ಮುಂದ ಆಕಿ ನಿಜ ಹೇಳಿ ಅಳ್ತಾಳ, ಇಂವ "ನಿನ್ನ ಹಿಂದಿಂದೆಲ್ಲಾ ಕ್ಷಮಿಸೀನಿ" ಅಂತಾನ, ಮುಗೀತು. ಅಲ್ಲೋ, ಆಕಿ ಯಾವಾಗ ಕ್ಷಮಾ ಕೇಳಿದ್ಳು? ಹತ್ತೂ ಪೇಜ್ ಹುಡುಕಿದೆ, ಎಲ್ಲೂ ಕೇಳಿಲ್ಲ. ಇವನ ಕೊಟ್ಟು ಇವನ ದೊಡ್ಡಾಂವ ಆಗ್ಯಾನ.

ಮತ್ತ "ಡ್ಯಾಮಿನ 33 ಗೇಟು ಒಮ್ಮೆಲೆ ತಗದಂಗ ಅತ್ತಳು" ಅಂತ ಬರ್ದಿ. 2024ರ ಆಗಸ್ಟ್‌ನಾಗ 19ನೇ ಗೇಟು ಒಂದ ಕೊಚ್ಕೊಂಡು ಹೋಗಿದ್ದಕ್ಕ ನಮ್ಮ ಭತ್ತದ ಮಂದಿ ನಿದ್ದಿಗೆಟ್ಟಿದ್ರು, ನಿನಗ 33 ಯಾಕ ಬೇಕೋ.

ಖರೇ ಕಥಿ ನಾಲ್ಕನೇ ಪೇಜ್‌ನಾಗ ಐತಿ. ಮಿರ್ಚಿ ಮಂಡಕ್ಕಿ ತಿನ್ಕೊಂತ ಕುಂತಾಗ ಆಕಿ ಫೋನ್ ರಿಂಗ್ ಆಗ್ತೈತಿ, ಸ್ಕ್ರೀನ್ ಮ್ಯಾಲೆ 'ಗ್ಯಾಸ್ ಏಜೆನ್ಸಿ' ಅಂತ ಬರ್ತೈತಿ, ಆಕಿ ಫೋನ್ ಬೋರಲಾ ಇಟ್ಟು, ಮಂಡಕ್ಕಿಯೊಳಗಿನ ಶೇಂಗಾ ಆರಿಸಿ ಅವನ ಕಡೆ ಸರಸ್ತಾಳ. ಇದನ್ನ ಬರದಾಂವ ಮುಂದ ಅಂಥಾ ಡೈಲಾಗ್ ಯಾಕ ಬರದ್ಯೋ! ಗಿರಾಕಿನ್ನ ಗ್ಯಾಸ್ ಏಜೆನ್ಸಿ ಅಂತ ಸೇವ್ ಮಾಡ್ಕೊಂಡಾಕಿ ಇವನ ನಂಬರ್ ಏನಂತ ಸೇವ್ ಮಾಡ್ಯಾಳ? ಸಂಜಿ ಏಳರ ಮ್ಯಾಲೆ ಯಾಕ ಸಿಗಂಗಿಲ್ಲ ಅಂತ ಕೇಳಿದ್ರ ಏನ್ ಹೇಳ್ತಾಳ? ಇಬ್ರೂ ಸಂತ್ಯಾಗ ಹೊಂಟಾಗ ಹಳೇ ಗಿರಾಕಿ ಎದುರಿಗೆ ಬಂದ್ರ ಯಾರು ಮೊದ್ಲ ಮುಖ ತಿರಗಸ್ತಾರ? ಎಚ್‌ಐವಿ ಕೆಲ್ಸ ಮಾಡೋರನ್ನ ಕೇಳಿ ನೋಡು, ಗಿರಾಕಿ ಜೋಡಿ ಕಾಂಡೋಮ್ ಬಿಡದಾಕಿ ಪ್ರೀತಿ ಮಾಡಿದಾವನ ಜೋಡಿ ಬಿಟ್ಟಬಿಡೋದು ಭಾಳ, ನಂಬೀನಿ ಅಂತ ತೋರಸಾಕ. ಆ ರಾತ್ರಿ ಬರಿಯೋ ಧೈರ್ಯ ಐತೇನು ನಿನಗ?

ಇನ್ನ ಹೀರೋನ ಗೆಳೆಯ "ಆಕಿ ಮಾಡೋ ಕೆಲ್ಸಾನ ಕ್ರೈಮ್" ಅಂತಾನ, ಹೀರೋ ಬಾಯಿ ಮುಚ್ಕೊಂಡು ಕೇಳ್ತಾನ. ತಪ್ಪದು. ವಯಸ್ಸಿಗೆ ಬಂದಾಕಿ ತಾನಾಗೇ ಈ ಕೆಲ್ಸ ಮಾಡೋದ ಅಪರಾಧ ಅಂತ ಕಾಯ್ದೆದಾಗ ಇಲ್ಲ, ಅಡ್ಡಾ ನಡಸೋದು, ರಸ್ತೆದಾಗ ನಿಂತು ಕರಿಯೋದು ಅಪರಾಧ. ಮಜಾ ಅಂದ್ರ ಸಿಗೆಬೀಳಾಂವ ನಿನ್ನ ಹೀರೋನ. ಆಕಿ ಜೋಡಿ ಒಂದ ರೂಮ್ ಮಾಡಿ ಇದ್ದಾ ಅಂದ್ರ, ಅನೈತಿಕ ವ್ಯವಹಾರ ತಡಿಯೋ 1956ರ ಕಾಯ್ದೆದ 4ನೇ ಸೆಕ್ಷನ್ ಪ್ರಕಾರ ಆಕಿ ದುಡಿಮಿ ತಿನ್ನಾಕತ್ಯಾನ ಅಂತ ಹಿಡೀತಾರ, ಅಲ್ಲ ಅಂತ ಅವನ ಪ್ರೂವ್ ಮಾಡ್ಬೇಕು, ಎರಡು ವರ್ಷದ ತನಕ ಜೈಲು. ಈ ಕೆಲ್ಸ ಮಾಡೋರಿಗೂ ಮರ್ಯಾದಿಲೆ ಬದುಕೋ ಹಕ್ಕೈತಿ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಾಗ ಹೇಳೇತಿ, ಆದ್ರ ಆ ಸೆಕ್ಷನ್ ಅಲ್ಲೇ ಐತಿ. ಡ್ಯಾಮಿನ ಮುಂದ ಕ್ಷಮಾ ಮಾಡೋದು ಸುಲಭ, ಬಾಡಿಗಿ ಮನಿ ಹುಡುಕಾಕ ಹಚ್ಚು ಅವನ್ನ, ಮಾಲಕ "ಏನ್ ಕೆಲ್ಸ ಮಾಡ್ತಾಳ್ರೀ ನಿಮ್ಮಾಕಿ" ಅಂತ ಕೇಳ್ಲಿ.

"ಹುಲಿಗೆಮ್ಮಗ ಮುತ್ತು ಕಟ್ಟಿಸ್ಕೊಂಡಾಕಿ" ಅನ್ನೋ ಸಾಲು ತಗಿ. ಹಂಗ ಮುತ್ತು ಕಟ್ಟಿ ದೇವಿಗೆ ಬಿಟ್ಟು ದೇವದಾಸಿ ಮಾಡೋದನ್ನ ನಿಷೇಧ ಮಾಡಿದ ಕಾಯ್ದೆ 1982ರದ್ದು, ನಿನ್ನ ಹುಡುಗಿಗೆ 24, ಅಂದ್ರ ಯಾರೋ ಕದ್ದು ಕಟ್ಟಿಸ್ಯಾರ, ಅದು ಬ್ಯಾರೇನ ಕಥಿ. ದೇವದಾಸಿ ಅಂದಕೂಡ್ಲೆ ದಂಧೆ ಅಂತ ಬರಿಬ್ಯಾಡ, ಹೊಲದಾಗ ಕೂಲಿ ಮಾಡಿ ಮಕ್ಕಳನ್ನ ಓದಿಸಿದ ಅವ್ವಗಳು ನಮ್ಮೂರಾಗ ಅದಾರ, ಓದಿದ್ರ ಏನಂತಾರ? 'ಪತಿತೆ'ನೂ ತಗಿ, ಹಂಗ ಯಾರೂ ಮಾತಾಡಂಗಿಲ್ಲ.

ತಿದ್ದಿ ಬರೋ ಹುಣ್ಣಿವಿ ಒಳಗ ಕಳ್ಸು. ಯೂನಿಕೋಡ್‌ನಾಗ ಟೈಪ್ ಮಾಡು ಮಾರಾಯ, ನೋಟ್‌ಬುಕ್ ಫೋಟೋ ಹೊಡ್ದು ವಾಟ್ಸಾಪ್ ಮಾಡಬ್ಯಾಡ, ಏಳನೇ ಪೇಜ್‌ನಾಗ ನಿನ್ನ ಹೆಬ್ಬಟ್ಟು ಬಿಟ್ರ ನನಗ ಏನೂ ಕಂಡಿಲ್ಲ.