ಸಹೋದ್ಯೋಗಿಗಳ ಬೆಂಬಲವಿದ್ದರೆ ಕೆಲಸದ ಒತ್ತಡ ಖಿನ್ನತೆಗೆ ತಿರುಗುವುದು ತಪ್ಪುತ್ತದೆಯೇ?

ಪೂರ್ತಿ ತಪ್ಪುತ್ತದೆ ಎನ್ನಲಾಗದು, ಅಪಾಯ ಮಾತ್ರ ತಗ್ಗುತ್ತದೆ. ಹೊರೆ ಹೆಚ್ಚಿದ್ದು, ತೀರ್ಮಾನ ನಮ್ಮ ಕೈಯಲ್ಲಿಲ್ಲದಿದ್ದಾಗ ಒತ್ತಡ ವಿಪರೀತವಾಗುತ್ತದೆ ಎಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಹೇಳಿದ್ದರು. 1988ರಲ್ಲಿ ಜಾನ್ಸನ್ ಮತ್ತು ಹಾಲ್ ಎಂಬ ಸಂಶೋಧಕರು ಇದಕ್ಕೆ ಜೊತೆಗಾರರ ಬೆಂಬಲದ ಕೊರತೆಯನ್ನೂ ಸೇರಿಸಿದರು.

ರಾತ್ರಿ ಪಾಳಿಯ ನರ್ಸ್ ಒಬ್ಬರನ್ನೇ ನೋಡಿ. ವಾರ್ಡ್ ತುಂಬಿದೆ, ರೋಗಿಯ ಕಡೆಯವರು ಕೂಗಾಡುತ್ತಿದ್ದಾರೆ. "ನೀವು ಊಟ ಮಾಡ್ಕೊಂಡು ಬನ್ನಿ ಸಿಸ್ಟರ್, ಡ್ರಿಪ್ ನಾನು ನೋಡ್ಕೊಳ್ತೀನಿ" ಎನ್ನುವವರೊಬ್ಬರಿದ್ದರೆ ಅದು ಬರೀ ಸಮಾಧಾನದ ಮಾತಲ್ಲ, ಹೊರೆಯೇ ಇಳಿಯುತ್ತದೆ. ಮೇಲಿನವರ ಬೆಂಬಲ ಇನ್ನೂ ಮುಖ್ಯ ಎನ್ನುತ್ತೇನೆ. ಪಾಳಿ ಬದಲಿಸುವ ಅಧಿಕಾರ ಇರುವುದು ಅವರಿಗೇ.

ನಿಭಾಯಿಸುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಬಾಯಿಬಿಟ್ಟು ರಜೆ, ಸಹಾಯ ಕೇಳುವುದು ಒಳ್ಳೆಯದು. ಎಲ್ಲವನ್ನೂ ನುಂಗಿಕೊಂಡು ಕೂರುವುದು, ಕುಡಿತಕ್ಕೆ ಇಳಿಯುವುದು ಖಿನ್ನತೆಯನ್ನು ಹತ್ತಿರ ತರುತ್ತದೆ. ಎರಡು ವಾರವಾದರೂ ಬೇಸರ, ನಿದ್ದೆಗೇಡು ಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.